ಕುಮಟಾ–ಕಾರವಾರ ಹೆದ್ದಾರಿಯ ದಿನನಿತ್ಯದ ಓಡಾಟಕ್ಕೆ ಹೋಂಡಾ ಯೂನಿಕಾರ್ನ್

ಕುಮಟಾದಿಂದ ಕಾರವಾರಕ್ಕೆ ರಾಷ್ಟ್ರೀಯ ಹೆದ್ದಾರಿ 66ರ ಮೂಲಕ ಸುಮಾರು 65 ಕಿ.ಮೀ. ದಾರಿ. ಜಿಲ್ಲಾ ಕಚೇರಿಗಳು, ನ್ಯಾಯಾಲಯ, ವೈದ್ಯಕೀಯ ಕಾಲೇಜು, ಅರ್ಗಾದ ನೌಕಾನೆಲೆ ಎಂದು ಕೆಲಸದ ನಿಮಿತ್ತ ಈ ದಾರಿಯನ್ನು ದಿನವೂ ಬೈಕಿನಲ್ಲಿ ಕ್ರಮಿಸುವವರು ನಮ್ಮಲ್ಲಿ ಅನೇಕರಿದ್ದಾರೆ, ನಾನೂ ಅವರಲ್ಲೊಬ್ಬ. ಹೊಸ ಬೈಕು ಕೊಳ್ಳಹೊರಟವರು ಮೊದಲು ಕೇಳುವುದು 'ಲೀಟರಿಗೆ ಎಷ್ಟು ಕೊಡುತ್ತದೆ' ಎಂದು. ಕೇಳಲೇಬೇಕಾದ ಪ್ರಶ್ನೆಯೇ ಅದು. ಆದರೆ ಪೇಟೆಯೊಳಗೆ ಓಡುವ ಬೈಕಿಗೆ ಸಿಗುವ ಉತ್ತರವನ್ನು ಹೆದ್ದಾರಿಗೂ ಅನ್ವಯಿಸಿಕೊಂಡು ಕೊಂಡವರು ವರ್ಷ ತುಂಬುವುದರೊಳಗೆ ಬೈಕು ಬದಲಿಸುವುದನ್ನು ನಾನು ನೋಡಿದ್ದೇನೆ. ದಿನಕ್ಕೆ ನೂರು ಕಿಲೋಮೀಟರಿಗಿಂತ ಹೆಚ್ಚು ಹೆದ್ದಾರಿಯಲ್ಲೇ ಓಡಿಸುವವರಿಗೆ, ಎಪ್ಪತ್ತರ ವೇಗದಲ್ಲಿ ಸ್ವಲ್ಪವೂ ಏದುಸಿರು ಬಿಡದ, 150–160 ಸಿಸಿ ದರ್ಜೆಯ ಸರಳ ಬೈಕೇ ಒಟ್ಟು ಲೆಕ್ಕದಲ್ಲಿ ಸರಿಯಾದ ಆಯ್ಕೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ದರ್ಜೆಯಲ್ಲಿ ನಾನು ಆರಿಸಿಕೊಂಡದ್ದು ಹೋಂಡಾ ಯೂನಿಕಾರ್ನ್.

ನೂರು ಸಿಸಿಯ ಬೈಕುಗಳ ಬಗ್ಗೆ ನನಗೆ ಗೌರವವಿದೆ. ಹೀರೋ ಸ್ಪ್ಲೆಂಡರ್ ಪ್ಲಸ್‌ನ 97.2 ಸಿಸಿ ಎಂಜಿನ್ ಕೆಡುವುದು ಅಪರೂಪ, ಕೆಟ್ಟರೂ ಹಿರೇಗುತ್ತಿಯಂಥ ಊರಿನ ಗ್ಯಾರೇಜಿನಲ್ಲೂ ಅದನ್ನು ಸರಿಪಡಿಸುವವರು ಸಿಗುತ್ತಾರೆ. ಆದರೆ ಅದರ ಶಕ್ತಿ ಎಂಟು ಅಶ್ವಶಕ್ತಿಯ ಆಸುಪಾಸಿನದು, ಗೇರು ನಾಲ್ಕೇ. ಐವತ್ತರಿಂದ ಐವತ್ತೈದರ ವೇಗದಲ್ಲಿ ಅದು ಎಷ್ಟು ಹಿತವಾಗಿ ಓಡುತ್ತದೆಯೋ, ಎಪ್ಪತ್ತು ದಾಟಿದಾಗ ಅಷ್ಟೇ ಕಷ್ಟಪಡುತ್ತದೆ. ಫುಟ್‌ರೆಸ್ಟಿನಿಂದ ಏರುವ ನಡುಕಕ್ಕೆ ಅಂಕೋಲಾ ತಲುಪುವಷ್ಟರಲ್ಲಿ ಪಾದ ಜೋಮು ಹಿಡಿದಿರುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಅರವತ್ತರಿಂದ ಎಂಬತ್ತಕ್ಕೆ ಹೋದಾಗ ಬೈಕು ಎದುರಿಸಬೇಕಾದ ಗಾಳಿಯ ಒತ್ತಡ ಸುಮಾರು ಒಂದೂಮುಕ್ಕಾಲು ಪಟ್ಟಾಗುತ್ತದೆ. ಸಣ್ಣ ಎಂಜಿನ್ ಅದನ್ನು ಭರಿಸುವುದು ಥ್ರಾಟಲ್ ಪೂರ್ತಿ ತೆರೆದಾಗ ಮಾತ್ರ, ಹಾಗೆ ತೆರೆದಾಗ ಜಾಹೀರಾತಿನ ಮೈಲೇಜ್ ಉಳಿಯುವುದಿಲ್ಲ. ಇನ್ನು 125 ಸಿಸಿಯ ಹೋಂಡಾ ಶೈನ್, ಟಿವಿಎಸ್ ರೈಡರ್ ಮುಂತಾದವು ಐದು ಗೇರಿನವು, ಅರವತ್ತೈದರವರೆಗೆ ನಿರಾಯಾಸ. ಅಂಕೋಲಾದಿಂದ ಕಾರವಾರಕ್ಕೆ ಹೋಗಿಬರುವ, ಎಪ್ಪತ್ತು ಕಿಲೋಮೀಟರಿನ ಒಳಗಿನ ಓಡಾಟದವರಿಗೆ ನಾನು ಅವನ್ನೇ ಹೇಳುತ್ತೇನೆ.

ಹಣದ ಲೆಕ್ಕವನ್ನು ಮುಚ್ಚಿಡದೆ ಹೇಳಬೇಕು. ದಿನಕ್ಕೆ 130 ಕಿ.ಮೀ., ತಿಂಗಳಿಗೆ 25 ಕೆಲಸದ ದಿನ ಎಂದರೆ 3,250 ಕಿ.ಮೀ. ಆಗುತ್ತದೆ. ಹೆದ್ದಾರಿಯ ವೇಗದಲ್ಲಿ ನೂರು ಸಿಸಿಯ ಬೈಕು ಲೀಟರಿಗೆ 58ರಷ್ಟು ಕೊಟ್ಟರೆ 56 ಲೀಟರ್ ಪೆಟ್ರೋಲ್ ಬೇಕು. ಯೂನಿಕಾರ್ನ್ 50 ಕೊಟ್ಟರೆ 65 ಲೀಟರ್. ವ್ಯತ್ಯಾಸ ಒಂಬತ್ತು ಲೀಟರ್, ಇಂದಿನ ದರದಲ್ಲಿ ತಿಂಗಳಿಗೆ ಒಂಬೈನೂರು ರೂಪಾಯಿಗಿಂತ ಸ್ವಲ್ಪ ಮೇಲೆ. ವಿಮೆಯಲ್ಲೂ ಒಂದು ಹೊರೆಯಿದೆ: ಥರ್ಡ್ ಪಾರ್ಟಿ ವಿಮೆಯ ದರ 150 ಸಿಸಿಗೆ ಮೆಟ್ಟಿಲು ಬದಲಿಸುತ್ತದೆ. 2022ರ ಅಧಿಸೂಚನೆಯಂತೆ 75ರಿಂದ 150 ಸಿಸಿವರೆಗಿನ ಬೈಕಿಗೆ ವರ್ಷಕ್ಕೆ 714 ರೂಪಾಯಿಯಾದರೆ, 150 ದಾಟಿದವಕ್ಕೆ 1,366 ರೂಪಾಯಿ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕಾದುದರಿಂದ, 162.7 ಸಿಸಿಯ ಯೂನಿಕಾರ್ನ್ ಕೊಳ್ಳುವ ದಿನವೇ ಈ ವ್ಯತ್ಯಾಸ ಜೇಬಿಗೆ ತಟ್ಟುತ್ತದೆ. ಇಷ್ಟೆಲ್ಲ ಹೆಚ್ಚಿಗೆ ಕೊಟ್ಟು ನಾನು ಪಡೆದದ್ದು ಒಳ್ಳೆಯ ಬ್ರೇಕು, ಗಾಳಿಗೆ ಅಲುಗದ ತೂಕ, ಸಂಜೆ ಮನೆಗೆ ಬಂದಮೇಲೂ ನೋಯದ ಬೆನ್ನು. ದಿನಕ್ಕೆರಡು ಬಾರಿ ಲಾರಿ–ಬಸ್ಸುಗಳ ನಡುವೆ ಸಾಗುವವನಿಗೆ ಈ ಖರ್ಚು ದುಬಾರಿಯಲ್ಲ ಎಂದು ನಾನು ಪೂರ್ಣ ಮನಸ್ಸಿನಿಂದ ಹೇಳಬಲ್ಲೆ.

ಯೂನಿಕಾರ್ನ್ ನೋಡಲು ಸಾಧಾರಣ ಬೈಕು. 2004ರಿಂದ ಈ ಹೆಸರು ಮಾರುಕಟ್ಟೆಯಲ್ಲಿದೆ. 2020ರಲ್ಲಿ ಹೊಗೆ ಮಾಲಿನ್ಯ ತಗ್ಗಿಸುವ ಬಿಎಸ್–6 ನಿಯಮ ಬಂದಾಗ ಎಂಜಿನ್ 150ರಿಂದ 160ರ ದರ್ಜೆಗೆ ಏರಿ ಫ್ಯುಯೆಲ್ ಇಂಜೆಕ್ಷನ್ ಪಡೆಯಿತು. ಶಕ್ತಿ ಸುಮಾರು 13 ಅಶ್ವಶಕ್ತಿ, ಐದು ಗೇರು, ತೂಕ ಹತ್ತಿರ ಹತ್ತಿರ 140 ಕಿಲೋ, 18 ಇಂಚಿನ ಚಕ್ರ, ಟ್ಯೂಬ್‌ಲೆಸ್ ಟೈರು, 13 ಲೀಟರಿನ ಟ್ಯಾಂಕು. ಇದರ ಗುಣ ಅರಿವಿಗೆ ಬರುವುದು ಎಪ್ಪತ್ತರ ವೇಗದಲ್ಲಿ. ಐದನೇ ಗೇರಿನಲ್ಲಿ ಎಂಜಿನ್ ತನ್ನ ಪೂರ್ಣ ಶಕ್ತಿಗಿಂತ ಬಹಳ ಕೆಳಗೇ ತಿರುಗುತ್ತಿರುತ್ತದೆ, ಹ್ಯಾಂಡಲಿನಲ್ಲಿ ನಡುಕವಿಲ್ಲ, ಮುಂದಿನ ಟ್ಯಾಂಕರನ್ನು ದಾಟಬೇಕೆಂದರೆ ಗೇರು ಇಳಿಸದೆಯೇ ದಾಟುವಷ್ಟು ಪಿಕಪ್ ಉಳಿದಿರುತ್ತದೆ. ಚತುಷ್ಪಥ ಹೆದ್ದಾರಿಯಲ್ಲಿ ಬೈಕಿಗೆ ಕಾನೂನು ಒಪ್ಪುವ ಗರಿಷ್ಠ ವೇಗವೇ 80 ಆಗಿರುವಾಗ ಇದಕ್ಕಿಂತ ಹೆಚ್ಚಿನ ಶಕ್ತಿ ನಮಗೆ ಬೇಕಿಲ್ಲ. ದಿವಗಿಯ ಬಳಿ ಅಘನಾಶಿನಿಯ ಸೇತುವೆ, ಮುಂದೆ ಗಂಗಾವಳಿಯ ಸೇತುವೆ, ಇವೆರಡರ ಮೇಲೂ ಮಳೆಗಾಲದಲ್ಲಿ ಸಮುದ್ರದ ಕಡೆಯಿಂದ ಅಡ್ಡಗಾಳಿ ಬೀಸುತ್ತದೆ. ಹಗುರ ಬೈಕಿನಲ್ಲಿ ಅಲ್ಲಿ ಲೇನ್ ತಪ್ಪದಂತೆ ಹಿಡಿಯುವುದೇ ಒಂದು ಕೆಲಸ. ಯೂನಿಕಾರ್ನ್ ಕೂಡ ಗಾಳಿಗೆ ವಾಲುತ್ತದೆ, ಆದರೆ ಎಳೆದುಕೊಂಡು ಹೋಗುವುದಿಲ್ಲ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರುವ ಸ್ನೇಹಿತರು, ಇಳಿಜಾರಿನಲ್ಲಿ ಮೂರನೇ ಗೇರಿನಲ್ಲಿಟ್ಟರೆ ಎಂಜಿನ್ನೇ ಬೈಕನ್ನು ಹಿಡಿದಿಡುತ್ತದೆ, ಬ್ರೇಕು ಕಾಯುವುದಿಲ್ಲ ಎಂದು ಮೆಚ್ಚಿ ಹೇಳುತ್ತಾರೆ.

ಬ್ರೇಕಿನ ವಿಷಯಕ್ಕೆ ಹೆಚ್ಚು ಗಮನ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಕರಾವಳಿಯ ಹೆದ್ದಾರಿಯಲ್ಲಿ ಮೀನಿನ ಲಾರಿಗಳು ಹೋದ ದಾರಿಯುದ್ದಕ್ಕೂ ಮಂಜುಗಡ್ಡೆ ಕರಗಿದ ನೀರು ಸೋರಿರುತ್ತದೆ. ಬರೀ ನೀರಾಗಿದ್ದರೆ ಚಿಂತೆಯಿರಲಿಲ್ಲ. ಮೀನಿನ ಜಿಡ್ಡು ಬೆರೆತ ಆ ನೀರು ಡಾಂಬರಿನ ಮೇಲೆ ತೆಳ್ಳಗೆ ಹರಡಿ, ಬೆಳಗಿನ ಹೊತ್ತು ಕಣ್ಣಿಗೆ ಒದ್ದೆ ಗೆರೆಯಂತೆ ಮಾತ್ರ ಕಾಣುತ್ತದೆ. ಆ ಗೆರೆಯ ಮೇಲೆ ಮುಂದಿನ ಬ್ರೇಕು ಹಿಡಿದರೆ ಚಕ್ರ ಲಾಕ್ ಆಗಿ ಬೈಕು ಕ್ಷಣದಲ್ಲಿ ನೆಲ ಕಾಣುತ್ತದೆ. 125 ಸಿಸಿಗಿಂತ ಮೇಲಿನ ಬೈಕುಗಳಿಗೆ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ 2019ರ ಏಪ್ರಿಲ್‌ನಿಂದ ಕಡ್ಡಾಯವಾಗಿರುವುದು, ಅದಕ್ಕಿಂತ ಚಿಕ್ಕವಕ್ಕೆ ಎರಡೂ ಬ್ರೇಕು ಒಟ್ಟಿಗೆ ಹಿಡಿಯುವ ಸಿಬಿಎಸ್ ಸಾಕೆಂದು ನಿಯಮ ಬಂದದ್ದು, ಇವು ನಮ್ಮ ದಾರಿಯಲ್ಲಿ ಕಾಗದದ ಮೇಲಿನ ವ್ಯತ್ಯಾಸಗಳಲ್ಲ. ಯೂನಿಕಾರ್ನ್‌ನ ಮುಂದಿನ ಡಿಸ್ಕಿಗೆ ಎಬಿಎಸ್ ಇದೆ; ಗಟ್ಟಿಯಾಗಿ ಹಿಡಿದಾಗ ಲಿವರ್ ಬೆರಳಿನಡಿ ಟಕಟಕನೆ ಮಿಡಿಯುತ್ತದೆ, ಚಕ್ರ ಮಾತ್ರ ತಿರುಗುತ್ತಲೇ ನಿಲುಗಡೆಗೆ ಬರುತ್ತದೆ. ಹಿಂದೆ ಇರುವುದು ಡ್ರಮ್ ಬ್ರೇಕು, ಅದಕ್ಕೆ ಎಬಿಎಸ್ ಇಲ್ಲ, ಮಳೆಯಲ್ಲಿ ಕಾಲು ಜೋರಾಗಿ ಒತ್ತಿದರೆ ಹಿಂದಿನ ಚಕ್ರ ಜಾರುತ್ತದೆ. ಈ ಬೆಲೆಯ ಬೈಕಿಗೆ ಹಿಂದೆಯೂ ಡಿಸ್ಕ್ ಕೊಡಬೇಕಿತ್ತು ಎಂಬುದು ನನ್ನ ಮೊದಲ ಆಕ್ಷೇಪ. ಎರಡನೆಯದು, ಮುಂದಿನ ಟೈರು ಅಗಲ ಸಾಲದು.

ರಾತ್ರಿಯ ಸಂಗತಿ ಬೇರೆಯೇ. ಮಳೆಗಾಲದಲ್ಲಿ ಗದ್ದೆ–ಬಯಲುಗಳೆಲ್ಲ ನೀರಾದಾಗ ದನಗಳು ಒಣ ಜಾಗ ಹುಡುಕಿ ಹೆದ್ದಾರಿಗೇ ಬಂದು ಮಲಗುತ್ತವೆ. ಕಪ್ಪು ಎಮ್ಮೆಯೊಂದು ಡಿವೈಡರಿನ ಪಕ್ಕ ಮಲಗಿದ್ದರೆ, ಹಳೆಯ ಹ್ಯಾಲೊಜೆನ್ ದೀಪದಲ್ಲಿ ಅದು ಕಾಣುವ ಹೊತ್ತಿಗೆ ಬ್ರೇಕಿಗೆ ಸಮಯ ಉಳಿದಿರುವುದಿಲ್ಲ. 2024ರ ಡಿಸೆಂಬರಿನಲ್ಲಿ ಬಂದ ಯೂನಿಕಾರ್ನ್‌ಗೆ ಎಲ್‌ಇಡಿ ದೀಪ ಸಿಕ್ಕಿದೆ. ಅದಕ್ಕಿಂತ ಹಿಂದಿನ ಮಾದರಿ ಕಡಿಮೆಗೆ ಸಿಗುತ್ತದೆಂದು ಕೊಳ್ಳುವವರು ಈ ಒಂದು ಕಾರಣಕ್ಕಾಗಿಯಾದರೂ ಎರಡು ಬಾರಿ ಯೋಚಿಸಬೇಕು. ಬಿಣಗಾದ ಸುರಂಗದೊಳಗೆ ಹೊಕ್ಕಾಗಲೂ ಈ ದೀಪದ ಬೆಲೆ ತಿಳಿಯುತ್ತದೆ. ಹೊರಗೆ ಸುರಿಯುವ ಮಳೆಯಿಂದ ಒಳಗೆ ಬಂದ ಕೂಡಲೇ ಹೆಲ್ಮೆಟ್ಟಿನ ಗಾಜಿಗೆ ಆವಿ ಕಟ್ಟುತ್ತದೆ, ಆ ಕೆಲವು ಕ್ಷಣ ದಾರಿ ತೋರಿಸುವುದು ದೀಪವೊಂದೇ.

ಹದಿಮೂರು ಲೀಟರಿನ ಟ್ಯಾಂಕು ಸಣ್ಣ ಸೌಕರ್ಯವೆಂದು ತೋರಬಹುದು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಗಿ ಹೆದ್ದಾರಿ ಮುಚ್ಚಿದಾಗ, ಕುಮಟಾ–ಅಂಕೋಲಾ ನಡುವೆ ಬಳಸು ದಾರಿ ಹಿಡಿಯಬೇಕಾದವರಿಗೆ ಟ್ಯಾಂಕಿನಲ್ಲಿ ಉಳಿದ ಪ್ರತಿ ಲೀಟರಿಗೂ ಅರ್ಥವಿತ್ತು. ಮಳೆಗಾಲದಲ್ಲಿ ಟ್ಯಾಂಕನ್ನು ಅರ್ಧಕ್ಕಿಂತ ಕೆಳಗಿಳಿಸದಿರುವುದು ಇನ್ನೊಂದು ಕಾರಣಕ್ಕೂ ಒಳ್ಳೆಯದು: ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಟ್ಯಾಂಕು ಖಾಲಿಯಾದಷ್ಟೂ ಒಳಗೆ ತೇವದ ಗಾಳಿಗೆ ಜಾಗ ಹೆಚ್ಚು.

ಇನ್ನು ಬಾಳಿಕೆಯ ಮಾತು. ಇಲ್ಲಿ ಎಂಜಿನ್ನಿಗಿಂತ ಮೊದಲು ಸೋಲುವುದು ಕಬ್ಬಿಣ. ಅಂಕೋಲಾದಿಂದ ಮುಂದೆ ರಸ್ತೆ ಅಲ್ಲಲ್ಲಿ ಸಮುದ್ರದ ಮಗ್ಗುಲಲ್ಲೇ ಸಾಗುತ್ತದೆ, ಉಪ್ಪುಗಾಳಿ ದಿನವಿಡೀ ಮೈಗೆ ಹತ್ತುತ್ತದೆ, ಅದರ ಮೇಲೆ ಮಳೆಗಾಲದ ಕೆಂಪು ರಾಡಿ. ಯೂನಿಕಾರ್ನ್‌ನ ಎಂಜಿನ್ನಿನಿಂದ ನನಗೆ ಇದುವರೆಗೆ ತಕರಾರಿಲ್ಲ, ಆದರೆ ಸೈಡ್ ಸ್ಟ್ಯಾಂಡಿನ ಬೋಲ್ಟು, ಸೈಲೆನ್ಸರಿನ ಬೆಸುಗೆ, ಹಿಂದಿನ ಫುಟ್‌ರೆಸ್ಟಿನ ಬ್ರ್ಯಾಕೆಟ್ ಮೊದಲ ಮಳೆಗಾಲದಲ್ಲೇ ತುಕ್ಕಿನ ಗುರುತು ತೋರಿದವು. ವಾರಕ್ಕೊಮ್ಮೆ ಸಿಹಿನೀರಿನಲ್ಲಿ ತೊಳೆದು, ಒಣಗಿದ ಮೇಲೆ ಈ ಜಾಗಗಳಿಗೆ ಎಣ್ಣೆ ಒರೆಸಿದ ಬಟ್ಟೆ ಆಡಿಸಿದರೆ ತುಕ್ಕು ನಿಲ್ಲುತ್ತದೆ. ನೀರಿನ ಪ್ರೆಶರ್ ಪೈಪನ್ನು ಚಕ್ರದ ಬೇರಿಂಗಿನ ಮೇಲೆ ನೇರ ಹಿಡಿಯಲು ಬಿಡಬಾರದು, ಗ್ರೀಸ್ ತೊಳೆದುಹೋಗುತ್ತದೆ. ಚೈನಿಗೆ ನಾಲ್ಕೈದು ದಿನಕ್ಕೊಮ್ಮೆ ಲ್ಯೂಬ್ ಬೇಕೇ ಬೇಕು. ರಾತ್ರಿ ಮನೆಗೆ ಬಂದು ಚೈನು ಬಿಸಿಯಿರುವಾಗಲೇ ಹಚ್ಚಿದರೆ ಬೆಳಗಿನೊಳಗೆ ಕೊಂಡಿಗಳೊಳಗೆ ಇಳಿದಿರುತ್ತದೆ.

ಸರ್ವೀಸಿನ ಲೆಕ್ಕವೂ ನಮ್ಮಂಥವರಿಗೆ ಬೇರೆ. ತಿಂಗಳಿಗೆ 3,250 ಕಿ.ಮೀ. ಎಂದರೆ ವರ್ಷಕ್ಕೆ 39,000. ಬೇರೆಯವರು ನಾಲ್ಕು ವರ್ಷದಲ್ಲಿ ಓಡಿಸುವುದನ್ನು ನಾವು ಒಂದೇ ವರ್ಷದಲ್ಲಿ ಮುಗಿಸುತ್ತೇವೆ. ವಾರಂಟಿಯಲ್ಲಿ ವರ್ಷದ ಜೊತೆಗೆ ಕಿಲೋಮೀಟರಿನ ಮಿತಿಯೂ ಇರುತ್ತದೆ, ನಮ್ಮ ಪಾಲಿಗೆ ಮೊದಲು ಮುಗಿಯುವುದು ಆ ಮಿತಿಯೇ. ಮಾರುವವರು ಇದನ್ನು ತಾವಾಗಿ ಹೇಳುವುದಿಲ್ಲ, ಕೇಳಿ ಬರೆಸಿಕೊಳ್ಳಬೇಕು. ಎಂಜಿನ್ ಆಯಿಲನ್ನು ದಿನಾಂಕ ನೋಡದೆ ಮೀಟರು ನೋಡಿ ಬದಲಿಸಬೇಕು, ಅದೂ ಕಂಪನಿ ಹೇಳಿದ 10ಡಬ್ಲ್ಯು–30 ದರ್ಜೆಯದ್ದನ್ನೇ ಹಾಕಿಸಬೇಕು. ನಾನು ಹೋಗುತ್ತಿದ್ದ ಒಂದು ಸರ್ವೀಸ್ ಕೇಂದ್ರದಲ್ಲಿ ಕೆಲಸ ಮಾಡದೆಯೇ ಚೈನ್ ಕ್ಲೀನಿಂಗ್ ಎಂದು ಬಿಲ್ಲಿಗೆ ಸೇರಿಸಿದ್ದರು. ಚೈನಿನ ಮೇಲಿನ ಕೆಂಪು ಮಣ್ಣು ಹಾಗೇ ಇತ್ತು. ಅಂದಿನಿಂದ ಬೈಕು ಹಿಂದಕ್ಕೆ ಪಡೆಯುವಾಗ ಬಿಲ್ಲಿನ ಒಂದೊಂದು ಸಾಲನ್ನೂ ಬೈಕಿನ ಪಕ್ಕ ನಿಂತು ತಾಳೆ ನೋಡುತ್ತೇನೆ.

ಪ್ರತಿಸ್ಪರ್ಧಿಗಳಲ್ಲಿ ಬಜಾಜ್ ಪಲ್ಸರ್ 150ಕ್ಕೆ 15 ಲೀಟರಿನ ಟ್ಯಾಂಕಿದೆ, 149.5 ಸಿಸಿ ಆದ್ದರಿಂದ ವಿಮೆಯೂ ಕಡಿಮೆ ದರದ್ದು, ಆದರೆ ಎಪ್ಪತ್ತರಲ್ಲಿ ಎಂಜಿನ್ ಇಷ್ಟು ಶಾಂತವಾಗಿರುವುದಿಲ್ಲ. ಯಮಹಾ ಎಫ್‌ಜೆಡ್‌ನ ಅಗಲ ಟೈರು ಮಳೆಯಲ್ಲಿ ಧೈರ್ಯ ಕೊಡುತ್ತದೆ. ಹಿಂಬದಿಯಲ್ಲಿ ಸಹೋದ್ಯೋಗಿಯನ್ನು ಕೂರಿಸಿಕೊಂಡು ಬರುವವರಿಗೆ ಮಾತ್ರ ಅದರ ಸೀಟು ಕಿರಿದು. ಹೋಂಡಾದ್ದೇ ಎಸ್‌ಪಿ 160ರಲ್ಲಿ ಹೆಚ್ಚುಕಡಿಮೆ ಇದೇ ಎಂಜಿನ್ ಇದ್ದು, ಹಿಂದೆಯೂ ಡಿಸ್ಕ್ ಇರುವ ಮಾದರಿ ಸಿಗುತ್ತದೆ. ಬ್ರೇಕಿಗೇ ಮೊದಲ ಸ್ಥಾನ ಕೊಡುವವರು ಅದನ್ನು ನೋಡಬಹುದು. ಬಜಾಜ್ ಫ್ರೀಡಂ 125 ಸಿಎನ್‌ಜಿಯಲ್ಲಿ ಓಡುವುದರಿಂದ ಇಂಧನದ ಖರ್ಚು ಇಳಿಯುತ್ತದೆ, ಆದರೆ ಗ್ಯಾಸ್ ಪಂಪು ನಿಮ್ಮ ದಿನದ ದಾರಿಯ ಮೇಲೇ ಇರಬೇಕು.

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿದಿರುವುದು ಈ ದರ್ಜೆಯನ್ನು ಸ್ವಲ್ಪ ಕೈಗೆಟಕುವಂತೆ ಮಾಡಿದೆ. ಆದರೂ ಹೊಸದು ಹೊರೆಯಾಗುವವರಿಗೆ ಹಳೆಯ ಯೂನಿಕಾರ್ನ್ ಒಳ್ಳೆಯ ಆಯ್ಕೆ, ನೋಡಿ ಕೊಳ್ಳಬೇಕಷ್ಟೆ. ಕೆಎ 31 ಎಂದಿರುವ, ಶಿರಸಿ ಕಡೆಯಲ್ಲೇ ಓಡಿದ ಬೈಕುಗಳಲ್ಲಿ ಕಾರವಾರದ ಕೆಎ 30 ಬೈಕುಗಳಿಗಿಂತ ಸಾಮಾನ್ಯವಾಗಿ ತುಕ್ಕು ಕಡಿಮೆ, ಏಕೆಂದರೆ ಘಟ್ಟದ ಮೇಲೆ ಮಳೆಯಿದ್ದರೂ ಉಪ್ಪುಗಾಳಿಯಿಲ್ಲ. ಸೀಟು ಬಿಚ್ಚಿಸಿ ಬ್ಯಾಟರಿಯ ಕೆಳಗಿನ ಫ್ರೇಮನ್ನು ಟಾರ್ಚ್ ಹಾಕಿ ನೋಡಿ, ಸೈಲೆನ್ಸರಿನ ಅಡಿಭಾಗವನ್ನು ಬೆರಳಿನಿಂದ ಒತ್ತಿ ನೋಡಿ, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನಡುವೆ ಎಲ್ಲಾದರೂ ಕಚ್ಚುತ್ತದೆಯೇ ಗಮನಿಸಿ. ಫ್ರೇಮಿನಲ್ಲಿ ಬಣ್ಣ ಉಬ್ಬಿ ಪದರ ಏಳುತ್ತಿದ್ದರೆ, ಎಂಜಿನ್ ಎಷ್ಟೇ ಚೆನ್ನಾಗಿದ್ದರೂ, ಬೆಲೆ ಎಷ್ಟೇ ಇಳಿಸಿದರೂ, ಆ ಬೈಕು ಹೆದ್ದಾರಿಗೆ ಬೇಡ.