ಗೊರಾನ್ ಬ್ರೆಗೊವಿಚ್: ಮೊದಲು ರಾಕ್ ಕೇಳಬೇಕೇ, ಚಿತ್ರಸಂಗೀತವನ್ನೇ?

ಬೋಸ್ನಿಯಾದ ಸರಾಯೆವೊ ನಗರದ ಸಂಗೀತಗಾರ ಗೊರಾನ್ ಬ್ರೆಗೊವಿಚ್ ಅವರನ್ನು ಹೊಸದಾಗಿ ಕೇಳಹೊರಟವರ ಮುಂದೆ ಎರಡು ದಾರಿಗಳಿವೆ: 1974ರಿಂದ 1989ರವರೆಗೆ ಅವರು ಗಿಟಾರ್ ಹಿಡಿದು ಮುನ್ನಡೆಸಿದ ‘ಬಿಯೆಲೊ ದುಗ್ಮೆ’ ರಾಕ್ ತಂಡದ ಹಾಡುಗಳು, ಇಲ್ಲವೇ ನಿರ್ದೇಶಕ ಎಮಿರ್ ಕುಸ್ತುರಿಕಾ ಅವರ ಚಿತ್ರಗಳಿಗೆ ನೀಡಿದ ಸಂಗೀತ. ರಾಕ್ ಹಾಡುಗಳಲ್ಲಿ ಸಾಹಿತ್ಯದ ಪಾಲು ದೊಡ್ಡದಾದ್ದರಿಂದ ಭಾಷೆ ತಿಳಿಯದವರಿಗೆ ಅರ್ಧ ಸೊಗಸು ಕೈತಪ್ಪುತ್ತದೆ. ಚಿತ್ರಸಂಗೀತಕ್ಕೆ ಆ ತೊಡಕಿಲ್ಲ. ‘ಅಂಡರ್‌ಗ್ರೌಂಡ್’ (1995) ಚಿತ್ರದ ಆರಂಭದಲ್ಲಿ ಕುದುರೆಗಾಡಿಯ ಹಿಂದೆ ಏದುಸಿರು ಬಿಡುತ್ತ ಓಡುವ ಹಿತ್ತಾಳೆ ವಾದ್ಯದವರನ್ನು ಕಂಡರೆ ಸಾಕು, ಅರ್ಥ ಯಾರೂ ಹೇಳಬೇಕಿಲ್ಲ.

ನೇರ ಹೋಲಿಕೆ ಬೇಕಾದವರು ರೋಮಾ (ಜಿಪ್ಸಿ) ಸಮುದಾಯದ ಜನಪದ ಧಾಟಿ ‘ಎಡರ್ಲೆಜಿ’ಯನ್ನು ಹಿಡಿಯಲಿ. ‘ಟೈಮ್ ಆಫ್ ದ ಜಿಪ್ಸೀಸ್’ ಚಿತ್ರದಲ್ಲಿ ಅದು ನದಿಯ ಮೇಲಿನ ಹಬ್ಬದ ದೃಶ್ಯಕ್ಕೆ ರೋಮಾನಿ ಭಾಷೆಯಲ್ಲೇ ಮೊಳಗುತ್ತದೆ. 1988ರಲ್ಲಿ ಬಂದ ತಂಡದ ಕೊನೆಯ ಸ್ಟುಡಿಯೊ ಆಲ್ಬಮ್‌ನಲ್ಲಿ ಅದೇ ಧಾಟಿ ಬೇರೆ ಸಾಹಿತ್ಯ ಹೊತ್ತು ‘ಜುರ್ಜೆವ್‌ದಾನ್’ ಆಗಿದೆ. ನನ್ನ ಒಲವು, ಮುಚ್ಚುಮರೆಯಿಲ್ಲದೆ, ಚಿತ್ರದ ಕಡೆಗೇ.