ಕಾಲಿನ ಹೆಬ್ಬೆರಳ ಗಂಟಿನ ಆಪರೇಷನ್ ಮಳೆಗಾಲದಲ್ಲಿ ಮಾಡಿಸಬೇಡಿ

ಜೂನ್ ಎರಡನೇ ವಾರ ಬೆಳಿಗ್ಗೆ ಮೈಸೂರಿನಲ್ಲಿ ಆಪರೇಷನ್, ರಾತ್ರಿ ಊಟದ ಹೊತ್ತಿಗೆ ಕೊಡಗಿನ ನಾಪೋಕ್ಲು ಕಡೆಯ ಮನೆ. ಐವತ್ತು ದಾಟಿದ ಹೆಂಗಸು. ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ವಾಲಿ ಬುಡದಲ್ಲಿ ಗಂಟು ಎದ್ದಿತ್ತು. ಎರಡನೇ ಬೆರಳು ಕೊಕ್ಕೆಯ ಹಾಗೆ ಮಡಚಿಕೊಂಡು, ಗಂಬೂಟಿಗೆ ಉಜ್ಜಿ ಉಜ್ಜಿ ಆಣಿಯಾಗಿತ್ತು. "ಚಿಕ್ಕ ಆಪರೇಷನ್, ಸಂಜೆಗೇ ಮನೆಗೆ ಹೋಗಬಹುದು" ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದರು. ಐದನೇ ವಾರಕ್ಕೆ ಬೆರಳ ತುದಿಯಲ್ಲಿ ಕೀವು, ಆರನೇ ವಾರದ ಎಕ್ಸ್‌ರೇಯಲ್ಲಿ ಮೂಳೆ ಜರುಗಿತ್ತು. ಈಗ ಮತ್ತೊಂದು ಆಪರೇಷನ್ ಆಗಬೇಕಿದೆ. ಇದರಲ್ಲಿ ಬಹುಪಾಲು ತಪ್ಪಿಸಬಹುದಾಗಿತ್ತು, ಅದಕ್ಕೇ ಬರೆಯುತ್ತಿರುವುದು.

ಮೊದಲು ಒಳಗೆ ಏನು ಮಾಡುತ್ತಾರೆಂದು ತಿಳಿಯಬೇಕು. ಈ ಗಂಟು ಹೊಸದಾಗಿ ಬೆಳೆದ ಮೂಳೆಯಲ್ಲ. ಹೆಬ್ಬೆರಳ ಹಿಂದಿರುವ ಪಾದದ ಉದ್ದ ಮೂಳೆ ಒಂದು ಕಡೆಗೆ, ಬೆರಳು ಇನ್ನೊಂದು ಕಡೆಗೆ ವಾಲಿ, ನಡುವಿನ ಕೀಲು ಹೊರಕ್ಕೆ ಉಬ್ಬಿರುತ್ತದೆ. ಉಬ್ಬನ್ನಷ್ಟೇ ಕೆತ್ತಿದರೆ ಮತ್ತೆ ವಾಲುತ್ತದೆ. ಆದ್ದರಿಂದ ಮೂಳೆಯನ್ನೇ ಕತ್ತರಿಸಿ, ಕೆಲವು ಮಿಲಿಮೀಟರ್ ಸರಿಸಿ, ಒಂದೆರಡು ಸ್ಕ್ರೂ ಹಾಕುತ್ತಾರೆ. ಕೊಕ್ಕೆ ಬೆರಳಿನ ಕೀಲಿನಲ್ಲಿ ತುಸು ಮೂಳೆ ತೆಗೆದು, ನೇರ ಮಾಡಿ, ತುದಿಯಿಂದ ಕೆ-ವೈರ್ ಅನ್ನುವ ಉಕ್ಕಿನ ತಂತಿ ತೂರಿಸುತ್ತಾರೆ. ಅದರ ತುದಿ 4ರಿಂದ 6 ವಾರ ಚರ್ಮದ ಹೊರಗೇ ಇರುತ್ತದೆ. ಅಂದರೆ ಇದು ಅಳತೆ ಹಿಡಿದು ಮುರಿದ ಮೂಳೆ. ಸಂಜೆಗೆ ಕಳಿಸಲು ಆಗುವುದು ಪಾದಕ್ಕೆ ಮಾತ್ರ ಅರಿವಳಿಕೆ ಕೊಟ್ಟರೆ ಸಾಕಾಗುವುದರಿಂದ. ಮೂಳೆ ಕೂಡಲು ಮಾತ್ರ 6ರಿಂದ 8 ವಾರ ಬೇಕೇ ಬೇಕು.

ಮೊದಲ ತಪ್ಪು ದಾರಿಯಲ್ಲೇ ಆಯಿತು. ಕಣಕಾಲಿನ ಸುತ್ತ ಕೊಟ್ಟ ಇಂಜೆಕ್ಷನ್‌ನ ಜೋಮು 8-12 ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಇರುತ್ತದೆ. ನೋವಿಲ್ಲ ಎಂದು ಮುಂದಿನ ಸೀಟಿನಲ್ಲಿ ಕಾಲು ಇಳಿಬಿಟ್ಟು ಕೂತರು. ಮಡಿಕೇರಿಗೇ ಸುಮಾರು 120 ಕಿ.ಮೀ., ಅಲ್ಲಿಂದ ಮುಂದೆ ಮತ್ತೆ ತಿರುವಿನ ರಸ್ತೆ. ಇಳಿಯುವಷ್ಟರಲ್ಲಿ ಪಾದ ಊದಿ ಬ್ಯಾಂಡೇಜ್ ಬಿಗಿದಿತ್ತು. ನಡುರಾತ್ರಿ ಜೋಮು ಇಳಿದಾಗ ಮನೆಯಲ್ಲಿ ಒಂದು ನೋವಿನ ಮಾತ್ರೆಯೂ ಇರಲಿಲ್ಲ, ಚೀಟಿ ಮಾತ್ರ ಇತ್ತು. ಮಾತ್ರೆಯನ್ನು ಜೋಮು ಇಳಿಯುವ ಮೊದಲೇ ಶುರು ಮಾಡಬೇಕು. ಸಾಧ್ಯವಿದ್ದರೆ ಮೊದಲ ಒಂದೆರಡು ರಾತ್ರಿ ಆಪರೇಷನ್ ಆದ ಊರಲ್ಲೇ ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಉಳಿಯಿರಿ. ಪ್ರಯಾಣಕ್ಕೆ ಹಿಂದಿನ ಸೀಟಿನಲ್ಲಿ ಅಡ್ಡ ಕೂತು, ಎರಡು ದಿಂಬಿನ ಮೇಲೆ ಕಾಲು ಚಾಚಿ.

ಆಮೇಲಿನದು ಮಳೆ. ಅಂಗಳ ದಾಟಿ ಬಚ್ಚಲಿಗೆ ಹೋಗಿ ಬರುವಾಗ ಡ್ರೆಸ್ಸಿಂಗ್‌ನ ಮುಂಭಾಗ ನೆನೆಯಿತು. ಮಳೆಗಾಲದಲ್ಲಿ ಬಟ್ಟೆ ಒಣಗಿಸುವಂತೆಯೇ ಕಾಲನ್ನೂ ಒಲೆಯ ಮುಂದೆ ಚಾಚಿ ಕೂತರು. ಹೊರಗಿನ ಪಟ್ಟಿ ಗರಿಗರಿ ಒಣಗಿತು, ಒಳಗಿನ ಹತ್ತಿ ಹಾಗೇ ಹಸಿ. ಕೊನೆಗೆ ಬಿಚ್ಚಿದಾಗ ಬೆರಳ ಸಂದಿಯ ಚರ್ಮ ಬಿಳುಚಿ ಸುಕ್ಕುಗಟ್ಟಿತ್ತು, ತಂತಿಯ ಸುತ್ತ ಕೆಂಪು ಉಂಗುರ, ಹಳಸಿದ ವಾಸನೆ. ಆ ತಂತಿ ಚರ್ಮದಿಂದ ಮೂಳೆಯೊಳಕ್ಕೆ ನೇರ ದಾರಿ. ತೇವ ಸಿಕ್ಕರೆ ಇನ್ಫೆಕ್ಷನ್ ಅದೇ ದಾರಿಯಲ್ಲಿ ಇಳಿಯುತ್ತದೆ. ಒಂದು ಹನಿ ನೆನೆದರೂ ಅದೇ ದಿನ ಹತ್ತಿರದ ಆಸ್ಪತ್ರೆಯಲ್ಲಿ ಬದಲಾಯಿಸಿಕೊಳ್ಳಿ. ಬೆಂಕಿಗೆ ಹಿಡಿಯಲೇಬೇಡಿ, ಜೋಮಿನ ಕಾಲಿಗೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ಸ್ನಾನಕ್ಕೆ ಸ್ಟೂಲಿನಲ್ಲಿ ಕೂತು, ಕಾಲನ್ನು ಇನ್ನೊಂದು ಸ್ಟೂಲಿನ ಮೇಲಿಟ್ಟು, ಎರಡು ಪ್ಲಾಸ್ಟಿಕ್ ಚೀಲ ಕಟ್ಟಿ. ಮುಗಿದ ತಕ್ಷಣ ಬಿಚ್ಚಿ, ಒಳಗೆ ಬೆವರಿದರೂ ತೇವವೇ.

ಮೂಳೆ ಜರುಗಿದ್ದಕ್ಕೆ ಕಾರಣ ಹಿಮ್ಮಡಿಯ ಚಪ್ಪಲಿ ಬಿಟ್ಟದ್ದು. ಭಾರವೆಲ್ಲ ಹಿಮ್ಮಡಿಯ ಮೇಲೆ ಬೀಳುವಂತೆ ಮಾಡಿದ ಗಟ್ಟಿ ಅಡಿಯ ಆ ಚಪ್ಪಲಿಯಲ್ಲಿ ಕೆಸರಿನ ಅಂಗಳದಲ್ಲಿ ನಡೆಯಲು ಆಗದೆ, ಮೂರನೇ ವಾರ ಅದನ್ನು ಬದಿಗಿಟ್ಟು ಹವಾಯಿ ಹಾಕಿದರು. ಪ್ರತಿ ಹೆಜ್ಜೆಗೂ ಮುಂಗಾಲು ಒತ್ತಿ, ತಂತಿ ಬಾಗಿ, ಸ್ಕ್ರೂ ಸಡಿಲಾಯಿತು. ಡಾಕ್ಟರು ಎಕ್ಸ್‌ರೇ ನೋಡಿ ಬಿಡಿ ಅನ್ನುವ ತನಕ, ಸಾಮಾನ್ಯವಾಗಿ 6 ವಾರ, ಆ ಚಪ್ಪಲಿ ಬಿಡಬಾರದು. ಮೊದಲ 2 ವಾರವಂತೂ ದಿನದ ಬಹುಪಾಲು ಕಾಲು ಎದೆಮಟ್ಟಕ್ಕಿಂತ ಮೇಲಿರಬೇಕು.

ಹಾಗಾದರೆ ಯಾವಾಗ? ಕಾಫಿ ಕುಯ್ಲು ಮುಗಿದ ಮೇಲೆ, ಮಾರ್ಚ್ ಸುಮಾರಿಗೆ. ಮೂಳೆ ಕೂಡಿದರೂ ಊತ ತಿಂಗಳುಗಟ್ಟಲೆ ಉಳಿಯುತ್ತದೆ. ಮಳೆ ಹಿಡಿಯುವುದರೊಳಗೆ ಕಾಲಿಗೆ ಮೂರು ತಿಂಗಳಾದರೂ ಸಿಗಬೇಕು. ಬಲಗಾಲಾದರೆ ಕನಿಷ್ಠ 6 ವಾರ ಜೀಪು, ಸ್ಕೂಟರ್ ಓಡಿಸುವ ಯೋಚನೆ ಬೇಡ. ನೋವಿಲ್ಲದ ಗಂಟನ್ನು ಬರೀ ನೋಟಕ್ಕಾಗಿ ಕೊಯ್ಸುವುದು ನಮಗೆ ಸರಿಕಾಣುವುದಿಲ್ಲ. ಮುಂಭಾಗ ಅಗಲವಿರುವ ಪಾದರಕ್ಷೆ ಎಷ್ಟೋ ಜನರಿಗೆ ಸಾಕಾಗುತ್ತದೆ.

ದಿನ ಗೊತ್ತು ಮಾಡುವ ಮೊದಲು ಎಕ್ಸ್‌ರೇ ನಿಂತುಕೊಂಡೇ ತೆಗೆಸಿದ್ದೀರಾ ಎಂದು ನೋಡಿಕೊಳ್ಳಿ, ಮಲಗಿ ತೆಗೆದದ್ದರಲ್ಲಿ ವಾಲಿಕೆ ಕಮ್ಮಿ ಕಾಣುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಆಗಲಿ. ಅದು 8 ದಾಟಿದ್ದರೆ ಹಲವು ಸರ್ಜನ್‌ಗಳು ಮುಂದೂಡುತ್ತಾರೆ. ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ಡಾಕ್ಟರು ಪಾದದ ನಾಡಿಯನ್ನು ಮುಟ್ಟಿ ನೋಡಲೇಬೇಕು. ಬೀಡಿ, ಸಿಗರೇಟು ಸೇದುವವರಲ್ಲಿ ಮೂಳೆ ಕೂಡುವುದು ತಡವಾಗುತ್ತದೆ, ಕೆಲವರಲ್ಲಿ ಕೂಡುವುದೇ ಇಲ್ಲ. ಡ್ರೆಸ್ಸಿಂಗ್ ಎಲ್ಲಿ, 2 ವಾರಕ್ಕೆ ಹೊಲಿಗೆ ಯಾರು ಬಿಚ್ಚುತ್ತಾರೆ, ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು, ಇಷ್ಟನ್ನೂ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ.

ಜ್ವರ, ಕೀವು, ವಾಸನೆ, ಕಾಲೆತ್ತಿಟ್ಟು ಮಾತ್ರೆ ತಿಂದರೂ ಇಳಿಯದ ನೋವು, ಬೆರಳು ನೀಲಿ ಅಥವಾ ತಣ್ಣಗಾಗುವುದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅದರ ಜೊತೆ ಉಸಿರು ಕಟ್ಟಿದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಮಳೆಯಲ್ಲಿ ಮರ ಬಿದ್ದು ರಸ್ತೆ ಕಟ್ಟಾಗುವ ಕಡೆ ಮನೆಯಿದ್ದರೆ, ಆ 6 ವಾರ ಪೇಟೆಯಲ್ಲಿರುವ ನೆಂಟರ ಮನೆಯಲ್ಲಿರುವುದು ಒಳ್ಳೆಯದು.