ಅವಳಿ ಕೂಸುಗಳಿಗೆ ಯಾರು: ಬೆಳಗಿನ ಎರೆಯುವ ಅಮ್ಮನೋ, ರಾತ್ರಿಯ ಆಯಾನೋ?

ದಾವಣಗೆರೆಯಲ್ಲಿ ಬಾಣಂತನಕ್ಕೆ ಪೂರ್ತಿ ದಿನದ ಸಹಾಯಕಿ ಬೇಡ ಎನ್ನುವವರಿಗೆ ದಾರಿ ಎರಡು. ಬೆಳಿಗ್ಗೆ ಬಂದು ಕೂಸುಗಳಿಗೆ ಎಣ್ಣೆ ಹಚ್ಚಿ ನೀರು ಹಾಕಿ, ಬಾಣಂತಿಗೂ ಎರೆದು ಹೋಗುವ ಅಮ್ಮ. ಇಲ್ಲವೇ ರಾತ್ರಿ ಉಳಿಯುವ ಆಯಾ.

ಒಂದೇ ಕೂಸಾದರೆ ಮೊದಲನೆಯವರು ಸಾಕು. ಅವಳಿಯ ಲೆಕ್ಕ ಬೇರೆ. ಎಳೆಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಎರಡಕ್ಕೆ ಕಡಿಮೆ ಎಂದರೂ 16 ಸಲ, ರಾತ್ರಿಯದೂ ಸೇರಿ. ಸ್ನಾನ ಒಂದು ದಿನ ತಪ್ಪಿದರೆ ಏನೂ ಆಗದು, ತಾಯಿಗೆ ನಿದ್ದೆ ತಪ್ಪಿದರೆ ಮನೆಮಂದಿಯೆಲ್ಲ ಹೈರಾಣು. ದುಡ್ಡು ಒಬ್ಬರಿಗೇ ಸಾಲುವುದಾದರೆ ನನ್ನ ಮತ ರಾತ್ರಿಯವರಿಗೆ. ತೇಗು ಬರಿಸುವುದು, ಒದ್ದೆ ಬಟ್ಟೆ ತೆಗೆಯುವುದು, ಯಾವ ಕೂಸು ಎಷ್ಟೊತ್ತಿಗೆ ಕುಡಿಯಿತೆಂದು ಬರೆದಿಡುವುದು ಅವರ ಪಾಲಿಗಿರಲಿ.

ಎರೆಯುವವರ ಕೈ ಪಳಗಿದ್ದು, ನಿಜ. ಆದರೆ ಅವಳಿಗಳ ತೂಕ ಹೆಚ್ಚಾಗಿ 2.5 ಕೆ.ಜಿ.ಗಿಂತ ಕಡಿಮೆ, ಸ್ನಾನ ಯಾವಾಗಿಂದ ಎಂದು ಮಕ್ಕಳ ಡಾಕ್ಟರನ್ನೇ ಕೇಳಿ. ಕಿವಿ, ಮೂಗಿಗೆ ಎಣ್ಣೆ ಬೇಡ, ಲೋಬಾನದ ಹೊಗೆ ಬೇಡವೇ ಬೇಡ. (ಅತ್ತೆಯವರು ಮುನಿಸಿಕೊಂಡಾರು, ಇರಲಿ.)

ತೂಕ ನೋಡಲೆಂದು ಯಾರಿಗೂ ದುಡ್ಡು ಕೊಡಬೇಡಿ. ಆಸ್ಪತ್ರೆ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೇ ಬರಬೇಕು, ಅದು ಉಚಿತ.

ಯಾರನ್ನೇ ಇಟ್ಟುಕೊಳ್ಳಿ, ಮೊದಲ ವಾರ ದಿನಗೂಲಿ ಲೆಕ್ಕ ಮಾತಾಡಿ. ಕೆಮ್ಮು, ಜ್ವರವಿದ್ದ ದಿನ ಬರಬಾರದು, ಆ ದಿನದ ಕೂಲಿ ಕಡಿಯುವುದಿಲ್ಲ ಎಂದೂ ಆಗಲೇ ಹೇಳಿಬಿಡಿ.